ಚಿಕ್ಕಪ್ಪನ ಫಿಲಿಪಿನೋ ಕಾರ್ಟೂನು

ನಮ್ಮ ಚಿಕ್ಕಪ್ಪನಿಗೆ ಕನ್ನಡ ಬರುತ್ತದೆ, ಮರಾಠಿ ಬರುತ್ತದೆ, ಹಿಂದಿ, ಇಂಗ್ಲಿಷು ಎಲ್ಲವೂ ಬರುತ್ತವೆ. ಆದರೆ ಟೀವಿ ನೋಡುತ್ತಿದ್ದದ್ದು ಮಾತ್ರ ಒಂದಕ್ಷರವೂ ಬಾರದ ಭಾಷೆಯಲ್ಲಿ! ಅದೂ ಕಾರ್ಟೂನು! ಅಮೆರಿಕದ ರೆಡ್ಮಂಡಿನ ಆಫೀಸಿನಲ್ಲಿ ಅವರದು ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ಅವರು ಕನ್ನಡಕ ಸರಿಮಾಡಿಕೊಂಡರೆ ಸಾಕು, ಎದುರು ಕೂತವರು ಬೆವರುತ್ತಾರಂತೆ. ಅಂಥ ಮನುಷ್ಯ ಶನಿವಾರ ಬೆಳಿಗ್ಗೆ ಸೋಫಾದ ಮೇಲೆ ಕಾಲು ಮಡಚಿ ಕೂತು, ನೀಲಿ ಕೂದಲಿನ ಹುಡುಗನೊಬ್ಬ ಆಕಾಶದಲ್ಲಿ ಹಾರುವುದನ್ನು ಬಾಯಿ ತೆರೆದು ನೋಡುತ್ತಿದ್ದರು ಎಂದರೆ ಯಾರು ನಂಬುತ್ತಾರೆ?

ಇದಕ್ಕೆಲ್ಲ ಮೂಲ ಚಿಕ್ಕಮ್ಮ. ಅಲ್ಲೇ ಹತ್ತಿರದ ಬಾಥೆಲ್‌ನ ಹೊಸ ಮನೆಗೆ ಬಂದಮೇಲೆ ಆಕೆಗೆ ಕನ್ನಡ ಧಾರಾವಾಹಿ ಬೇಕಾಯಿತು. ಚಿಕ್ಕಪ್ಪ ಕೇಬಲ್ ಕಂಪನಿಗೆ ಫೋನ್ ಮಾಡಿ "ಕನ್ನಡ" ಎಂದರು. ಆ ಕಡೆಯವನಿಗೆ "ಕೆನಡಾ" ಎಂದು ಕೇಳಿಸಿತು. "ಅಲ್ಲಪ್ಪಾ, ಏಷ್ಯಾದ ಭಾಷೆ. ಸಮುದ್ರ, ತೆಂಗಿನ ಮರ, ಅನ್ನ ಉಣ್ಣುವ ಜನ" ಎಂದು ವಿವರಿಸಿದರು. ಗದಗಿನಲ್ಲಿ ರೊಟ್ಟಿ ತಿಂದು ಬೆಳೆದವರು ಸಮುದ್ರವನ್ನೂ ತೆಂಗಿನ ಮರವನ್ನೂ ಯಾಕೆ ತಂದರೋ ದೇವರೇ ಬಲ್ಲ! ಕೇಬಲ್‌ನವನು ಪಾಪ, ಹೇಳಿದ ಗುರುತಿಗೆ ತಕ್ಕಂತೆ ಫಿಲಿಪೀನ್ಸ್ ದೇಶದ ಚಾನೆಲ್ಲುಗಳನ್ನು ಕೊಟ್ಟ. ಅದರಲ್ಲೊಂದು ಜಪಾನಿನ ಕಾರ್ಟೂನುಗಳನ್ನು ಫಿಲಿಪೀನ್ಸಿನ ಟಗಾಲೊಗ್ ಭಾಷೆಗೆ ಡಬ್ ಮಾಡಿ ಹಾಕುವ ಚಾನೆಲ್ಲು.

"ಇದ್ಯಾವ ಸೀರಿಯಲ್‌ರೀ? ಅತ್ತಿ ಎಲ್ಲಿ, ಸೊಸಿ ಎಲ್ಲಿ? ಯಾವನೋ ಹುಡುಗ ಹಾರಿಕೋತ ಹೊಂಟಾನ. ಮೊದ್ಲು ಫೋನ್ ಮಾಡಿ ತಗಸ್ರಿ" ಎಂದರು ಚಿಕ್ಕಮ್ಮ.

"ತಡಿ, ಅಂವ ಎಲ್ಲಿಗೆ ಹೊಂಟಾನ ನೋಡೂಣು" ಎಂದರು ಚಿಕ್ಕಪ್ಪ.

ಹುಡುಗ ಅವತ್ತು ಎಲ್ಲಿಗೂ ಮುಟ್ಟಲಿಲ್ಲ. ಮುಂದಿನ ವಾರವೂ ಮುಟ್ಟಲಿಲ್ಲ. ಫೋನ್ ಮಾಡುವ ಮಾತು ಅಲ್ಲಿಗೇ ನಿಂತಿತು.

ಅವರ ಒಬ್ಬಳೇ ಮಗಳು ಆಗ ಹೈಸ್ಕೂಲಿನಲ್ಲಿದ್ದಳು. ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಲ್ಯಾಪ್‌ಟಾಪಿನಲ್ಲಿ ಇಂಥವೇ ಜಪಾನಿ ಕಾರ್ಟೂನು ನೋಡುವುದು ಅವಳ ಚಾಳಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ಒಂದು ಶನಿವಾರ ನೀರು ಕುಡಿಯಲು ಹೊರಗೆ ಬಂದವಳು ಅಪ್ಪನನ್ನು ನೋಡಿ ನಿಂತೇಬಿಟ್ಟಳು.

"ಓ ಮೈ ಗಾಡ್, ಡ್ಯಾಡ್! ಯು ಆರ್ ವಾಚಿಂಗ್ ಇಟ್ ಇನ್ ಟಗಾಲೊಗ್?"

"ಯಾವ ಲಾಗ್?" ಎಂದರು ಚಿಕ್ಕಪ್ಪ. ಅದುವರೆಗೂ ಅವರಿಗೆ ಭಾಷೆಯ ಹೆಸರೂ ಗೊತ್ತಿರಲಿಲ್ಲ!

ಅವಳು ಬಿದ್ದು ಬಿದ್ದು ನಕ್ಕಳು. ಮರುವಾರ ಒಂದು ಬಟ್ಟಲು ಕಾರ್ನ್‌ಫ್ಲೇಕ್ಸ್ ಹಿಡಿದು ಸೋಫಾದ ಕೈಮೇಲೆ ಕೂತಳು. ಅದರ ಮುಂದಿನ ವಾರ ಸೋಫಾದೊಳಕ್ಕೇ ಇಳಿದಳು.

ನಾನು ಆಗಷ್ಟೇ ಕೆಲಸ ಸಿಕ್ಕಿ ಪಕ್ಕದ ಊರು ವುಡಿನ್‌ವಿಲ್‌ಗೆ ಬಂದಿದ್ದೆ. ಚಿಕ್ಕಮ್ಮ ಮಾಡುವ ಮಂಡಕ್ಕಿ ಸೂಸಲ, ಮಿರ್ಚಿ ಬಜ್ಜಿಯ ಆಸೆಗೆ ಶನಿವಾರ ತಪ್ಪದೆ ಹಾಜರಾಗುತ್ತಿದ್ದೆ. ಹಾಗಾಗಿ ಚಿಕ್ಕಪ್ಪನ ಭಾಷಾಸಂಶೋಧನೆಯನ್ನು ಪೂರ್ತಿ ಕೇಳುವ ಭಾಗ್ಯವೂ ನನ್ನದಾಯಿತು.

"ಇದು ನಮ್ಮದ ಭಾಷಾ ಐತಿ ನೋಡು. ಮುಖಕ್ಕ ಅವರೂ ಮುಖಾ ಅಂತಾರ, ಆಶಾಕ್ಕ ಆಸಾ ಅಂತಾರ, ಮಾಸ್ತರಗ ಗುರೋ ಅಂತಾರ. ಇನ್ನೇನು ಉಳೀತು?"

"ಉಳಿದದ್ದೆಲ್ಲಾ ಉಳೀತು!" ಎಂದು ಅಡುಗೆಮನೆಯಿಂದ ಚಿಕ್ಕಮ್ಮ.

ಪಕ್ಕದ ಮನೆಯಲ್ಲಿ ಫಿಲಿಪೀನ್ಸಿನ ನರ್ಸ್ ಒಬ್ಬರಿದ್ದರು. ಅವರ ಭಾಷೆಯಲ್ಲಿ ಅಕ್ಕನಿಗೆ "ಆತೆ" ಎನ್ನುತ್ತಾರೆ. ಕಾರ್ಟೂನಿನಿಂದ ಅದನ್ನು ಕಲಿತ ಚಿಕ್ಕಪ್ಪ ಬೇಲಿಯಾಚೆ ನಿಂತವರಿಗೆ "ಆತೇ!" ಎಂದು ಕೈಬೀಸತೊಡಗಿದರು. ಚಿಕ್ಕಮ್ಮ ನೆಟ್ಟಗೆ ಹೊರಗೆ ಬಂದರು: "ಅಲ್ರೀ, ನಿಮಗಿಂತ ಸಣ್ಣಾಕಿ ಅದಾಳ. ಅಕಿ ಯಾವ ಸಂಬಂಧದಾಗ ನಿಮಗ ಅತ್ತಿ ಆಗ್ತಾಳ?"

ಅಂಗಡಿಯ ಪ್ರಸಂಗವಂತೂ ನನ್ನ ಕಣ್ಣೆದುರೇ ನಡೆದದ್ದು. ಫಿಲಿಪಿನೋ ಕಿರಾಣಿ ಅಂಗಡಿಗೆ ಬಾಳೆಎಲೆ ತರಲು ನಾನು, ಚಿಕ್ಕಪ್ಪ, ಅವರ ಮಗಳು ಹೋಗಿದ್ದೆವು. ಕೌಂಟರಿನಲ್ಲಿ "ನಾನೇ ಹಣ ಕೊಡುತ್ತೇನೆ" ಎನ್ನುವುದನ್ನು ಅವರ ಭಾಷೆಯಲ್ಲೇ ಹೇಳಿ ಅಲ್ಲಿದ್ದ ಹುಡುಗಿಯನ್ನು ಖುಷಿಪಡಿಸಬೇಕೆಂದು ಚಿಕ್ಕಪ್ಪನಿಗೆ ಅನ್ನಿಸಿತು. ಆದರೆ ಅವರು ಭಾಷೆ ಕಲಿತದ್ದು ಎಲ್ಲಿ? ಕಾರ್ಟೂನಿನ ಯುದ್ಧಭೂಮಿಯಲ್ಲಿ! ಎದೆಯುಬ್ಬಿಸಿ, ಬೆರಳು ಚಾಚಿ, ನೀಲಿ ಕೂದಲಿನ ಹುಡುಗನ ಗತ್ತಿನಲ್ಲೇ ಗುಡುಗಿದರು: "ಮಗ್‌ಬಬಾಯಾದ್ ಕಾ!"

ಅಂದರೆ, "ಇದಕ್ಕೆ ನೀನು ಬೆಲೆ ತೆತ್ತೇ ತೀರುತ್ತೀಯೆ!"

ಹುಡುಗಿ ಕೈಯಲ್ಲಿದ್ದ ಬಾಳೆಎಲೆ ಕೆಳಗೆ ಬಿಟ್ಟಳು. ಮಗಳು ತೆಂಗಿನಹಾಲಿನ ಡಬ್ಬಿಗಳ ಸಾಲಿನ ಹಿಂದೆ ಕೂತು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ವಿಷಯ ತಿಳಿದಮೇಲೆ ಕೌಂಟರಿನ ಹುಡುಗಿಯೂ ನಕ್ಕು, ಒಳಗಿದ್ದ ತನ್ನ ತಾಯಿಯನ್ನು ಕರೆದು ಇನ್ನೊಮ್ಮೆ ಹೇಳಿಸಿದಳು. ಚಿಕ್ಕಪ್ಪ ಸಂಕೋಚವಿಲ್ಲದೆ ಹೇಳಿದರು!

ಆಮೇಲೆ ಮಗಳು ದೂರದ ಊರಿನ ಕಾಲೇಜಿಗೆ ಹೋದಳು. ಚಾನೆಲ್ಲಿಗೂ ಇಳಿಗಾಲ ಬಂತು. ಹೊಸ ಕಂತುಗಳು ನಿಂತು ಹಳೆಯವೇ ತಿರುತಿರುಗಿ ಬಂದವು. ಸತ್ತ ಖಳನಾಯಕ ತಿಂಗಳಿಗೊಮ್ಮೆ ಎದ್ದು ಬಂದು ಅದೇ ಬೆಟ್ಟದ ಮೇಲೆ ಅದೇ ಏಟಿಗೆ ಮತ್ತೆ ಸಾಯುತ್ತಿದ್ದ. ನಡುವೆ ಶಾಂಪೂ ಜಾಹೀರಾತು ಬೆಳೆಯಿತು. ಕೆಲವು ಶನಿವಾರ ಕಾರ್ಟೂನಿನ ಜಾಗದಲ್ಲಿ ಹಂದಿಮಾಂಸ ಹುರಿಯುವುದನ್ನು ತೋರಿಸಿದರು. ಶುದ್ಧ ಶಾಕಾಹಾರಿ ಚಿಕ್ಕಪ್ಪ ಮುಖ ತಿರುಗಿಸಿಕೊಂಡು ಅದನ್ನೂ ಕೇಳಿಸಿಕೊಂಡರೇ ಹೊರತು ಎದ್ದುಹೋಗಲಿಲ್ಲ. "ಈಗಿನ ಹುಡುಗರೆಲ್ಲ ಇಂಟರ್ನೆಟ್ಟಿನಲ್ಲೇ ನೋಡುತ್ತಾರೆ, ಈ ಚಾನೆಲ್ಲು ಇನ್ನು ಬಹಳ ದಿನ ಇರುವುದಿಲ್ಲ" ಎಂದು ಪಕ್ಕದ ಮನೆಯ ನರ್ಸ್ ಹೇಳಿದ್ದರು. ಹಾಗೆಯೇ ಆಯಿತು. ಒಂದು ಶನಿವಾರ ಟೀವಿ ಹಾಕಿದರೆ ಪರದೆ ಕಪ್ಪು. ಕೇಬಲ್ ಕಂಪನಿಯವರು ವಿಷಾದ ತಿಳಿಸಿ, ಬದಲಿಗೆ ಗಾಲ್ಫ್ ಚಾನೆಲ್ ಕೊಡುತ್ತೇವೆ ಎಂದರಂತೆ!

ಮರುವಾರ ಚಿಕ್ಕಮ್ಮನಿಂದ ನನಗೆ ಫೋನು. "ಪೀಡಾ ಹೋತು ಅಂದ್ಕೊಂಡಿದ್ದೆ. ಆದ್ರ ಈ ಮನಶ್ಯಾ ಸುಮ್ನ ಕುಂತಬಿಟ್ಟಾರ. ಮಿರ್ಚಿ ಮಾಡಿದ್ರೂ ಏಳವಲ್ರು. ನೀನರ ಬಂದು ಮಾತಾಡ್ಸು."

ಹೋದೆ. ಚಿಕ್ಕಪ್ಪ ಅದೇ ಸೋಫಾದ ಮೇಲಿದ್ದರು. ಟೀವಿ ಹಾಕಿರಲಿಲ್ಲ.

"ಚಿಕ್ಕಪ್ಪಾ, ಕಡೀಕೂ ಆ ಹುಡುಗ ಎಲ್ಲಿ ಮುಟ್ಟಿದ?" ಎಂದು ಛೇಡಿಸಿದೆ.

"ಅಂವ ಎಲ್ಲೆರ ಹೋಗ್ಲಿ ಬಿಡವಾ" ಎಂದರು. ಸ್ವಲ್ಪ ಹೊತ್ತು ಅಂಗೈ ನೋಡಿಕೊಂಡರು. "ಅಕಿ ಕಾಲೇಜಿಗೆ ಹೋದಮ್ಯಾಲೆ ವಾರಾ ವಾರಾ ಇದನ್ನ ನೋಡಿ ಅಕಿಗೆ ಫೋನ್ ಮಾಡ್ತಿದ್ದೆ. ಇವತ್ತು ಹಿಂಗಾತು ಅಂತ ನಾ ತಪ್ಪುತಪ್ಪು ಹೇಳಾಂವ, ನೋ ಡ್ಯಾಡ್ ಅಂತ ಅಕಿ ತಿದ್ದಾಕಿ. ತಾಸುಗಟ್ಟಲೆ ಮಾತಾಡ್ತಿದ್ವಿ. ಅದನ್ನ ಬಿಟ್ರ ಊಟ ಆತೇನು ಅಂತೀನಿ, ಫೈನ್ ಅಂತಾಳ, ಮುಗೀತು. ಈಗ ಏನಂತ ಫೋನ್ ಮಾಡ್ಲಿ ನಾನು?"

ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಒಳಗೆ ಹೋದರು. ಅಡುಗೆಮನೆಯಲ್ಲಿ ಸಣ್ಣ ದನಿಯಲ್ಲಿ ಯಾರೊಡನೆಯೋ ಫೋನಿನಲ್ಲಿ ಮಾತಾಡಿದ್ದು ಕೇಳಿಸಿತು. ತುಸು ಹೊತ್ತಿಗೆ ಚಿಕ್ಕಪ್ಪನ ಫೋನು ಬಡಿದುಕೊಂಡಿತು. ಮಗಳು! ಅವರು ಗಾಬರಿಯಲ್ಲಿ ಸ್ಪೀಕರನ್ನೇ ಒತ್ತಿಬಿಟ್ಟರು.

"ಡ್ಯಾಡ್, ಐ ಹ್ಯಾವ್ ದ ಲಾಸ್ಟ್ ಎಪಿಸೋಡ್ ಹಿಯರ್. ಐ ವಿಲ್ ಟೆಲ್ ಯು."

"ಇಂಗ್ಲಿಷ್‌ನಾಗ ಬ್ಯಾಡವಾ" ಎಂದರು ಚಿಕ್ಕಪ್ಪ. "ಆಫೀಸಿನ ಮೀಟಿಂಗ್ ಆದಂಗ ಅನಸ್ತೈತಿ."

ಆಮೇಲೆ ಒಂದೊಂದೇ ಪದವನ್ನು ತಡವುತ್ತ, ಬಿಡುತ್ತ, ಅಮ್ಮನ ಮಾತಿನ ಧಾಟಿಯಲ್ಲೇ ಅವಳು ಶುರು ಮಾಡಿದಳು: "ಓಕೆ. ಅಂವ... ಅಂವ ಬೆಟ್ಟದ ಮ್ಯಾಲ ನಿಂತಾನ. ಅಳಾಕತ್ತಾನ ಅಪ್ಪಾ. ಬಟ್ ಸ್ಯಾಡ್ ಆಗಿ ಅಲ್ಲ."

ಚಿಕ್ಕಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕತೆ ಕೇಳುವ ಕೂಸಿನಂತೆ ಮುಂದಕ್ಕೆ ಬಾಗಿ ಕೂತಿದ್ದರು.

"ಹೂಂ" ಎಂದರು. "ಮುಂದ?"