ಕಂಬದ ಮೇಲೆ ಏರಿದ ಬಿ.ಪಿ.

ಟೆನ್ಷನ್ ಎನ್ನುವುದು ನಮ್ಮ ಕಚೇರಿಯಲ್ಲಿ ನನ್ನೊಬ್ಬನ ಆಸ್ತಿ ಎಂದು ನಾನು ಬಹುಕಾಲ ನಂಬಿದ್ದೆ. ಕೊಟ್ಟೂರಿನ ಕರೆಂಟ್ ಆಫೀಸಿನಲ್ಲಿ ದೂರಿನ ಫೋನ್ ಎತ್ತುವ ಕೆಲಸ ನನ್ನದು. ಕರೆಂಟ್ ಹೋದರೆ ಜನ ಮೇಣದಬತ್ತಿಗಿಂತ ಮೊದಲು ನನ್ನನ್ನು ಹುಡುಕುತ್ತಾರೆ. ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೂ "ಹಲೋ, ಲೈನ್‌ಮನ್ ಬರ್ತಾನ್ರಿ" ಎಂದುಬಿಡುತ್ತೇನೆ. "ಹಲೋ ಆಮ್ಯಾಲೆ ಅನ್ರಿ, ಮೊದ್ಲು ಒಲಿ ಆರಿಸ್ರಿ" ಎನ್ನುತ್ತಾಳೆ ಹೆಂಡತಿ.

ಹೀಗಾಗಿ ಕೆಲಸದ ಒತ್ತಡ ಅಳೆಯಲು ವೈದ್ಯರ ತಂಡವೊಂದು ಕಚೇರಿಗೆ ಬಂದಾಗ ಸಾಲಿನಲ್ಲಿ ಮೊದಲು ನಿಂತವನು ನಾನೇ. ಒತ್ತಡ ಹೆಚ್ಚಿದವರ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ರಸ ಹೆಚ್ಚಿರುತ್ತದಂತೆ. ಸಾಹೇಬರ ಎದುರು ಇಷ್ಟು ವರ್ಷ ಉಗುಳು ನುಂಗಿಕೊಂಡೇ ನಿಂತವನು ನಾನು. ಆ ಉಗುಳಿಗೂ ಒಂದು ಕಾಲ ಬಂತಲ್ಲ ಎಂದು ಶೀಶೆ ತುಂಬಿಸಿ ಕೊಟ್ಟೆ. ಅದರ ಫಲಿತಾಂಶ ತಡವಂತೆ. ಬಿ.ಪಿ. ಮಾತ್ರ ಅಲ್ಲೇ ನೋಡಿದರು. ನನ್ನದು ನಾರ್ಮಲ್. ಇನ್ನೊಮ್ಮೆ ನೋಡಿ ಎಂದು ಡಾಕ್ಟರಮ್ಮನನ್ನು ಅಂಗಲಾಚಿದೆ. ಮತ್ತೂ ನಾರ್ಮಲ್.

ನನ್ನ ಹಿಂದೆ ಇದ್ದವನು ಲೈನ್‌ಮನ್ ಬಸವರಾಜ, ಯಾರು ಬೈದರೂ ನಗುವ ಆಸಾಮಿ. ಅವನ ತೋಳಿಗೆ ಪಟ್ಟಿ ಸುತ್ತಿದ ಡಾಕ್ಟರಮ್ಮನ ಮುಖ ಬಿಗಿಯಿತು. "ಸ್ವಲ್ಪ ಹೊತ್ತು ಫ್ಯಾನಿನ ಕೆಳಗೆ ಕೂತಿರಿ, ಮತ್ತೆ ನೋಡಬೇಕು" ಎಂದರು. ನನಗೆ, ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚಾಯಿತು.

ಆಮೇಲೆ ನೋಡಿದರೆ ಕುರ್ಚಿ ಖಾಲಿ. ಪಕ್ಕದ ಉಜ್ಜಿನಿಯಿಂದ ಯಾರೋ ಕರೆಂಟ್ ಹೋಗಿದೆಯೆಂದು ನೇರ ಅವನಿಗೇ ಫೋನ್ ಮಾಡಿದ್ದರಂತೆ, ಬೈಕ್ ಹತ್ತಿ ಹೋಗಿದ್ದ. "ಅವರ ಬಿ.ಪಿ. ತುಂಬಾ ಏರಿದೆ, ಕಂಬ ಹತ್ತಕೂಡದು" ಎಂದರು ಡಾಕ್ಟರಮ್ಮ. ಫೋನ್ ಮಾಡಿದೆ, ಎತ್ತಲಿಲ್ಲ. ಊರವರ ಫೋನೆಲ್ಲ ಎತ್ತುವ ನನಗೆ, ಎತ್ತದ ಫೋನಿನ ಸಂಕಟ ಅಂದೇ ತಿಳಿದದ್ದು. ಸ್ಕೂಟರ್ ತೆಗೆದೆ.

ಉಜ್ಜಿನಿಯ ಹೊರಗೆ ಶೇಂಗಾ ಹೊಲದ ಅಂಚಿನ ಕಂಬದ ತುದಿಯಲ್ಲಿ ಅವನಿದ್ದ. ಸೊಂಟಕ್ಕೆ ಬೆಲ್ಟ್ ಇತ್ತು. ಆದರೆ ಅವನು ಕೆಲಸ ಮಾಡುತ್ತಿರಲಿಲ್ಲ. ಕಂಬವನ್ನು ತಬ್ಬಿ, ಹಣೆ ಅದಕ್ಕೆ ಆನಿಸಿ ನಿಂತಿದ್ದ. ಜೋರಾಗಿ ಕೂಗಿದರೆ ಬೆಚ್ಚಿಬಿದ್ದಾನೆಂದು ಹೆದರಿ, "ಬಸಣ್ಣ, ಮಿರ್ಚಿ ಬಜಿ ತಂದೀನಿ, ಇಳಿದು ಬಾ" ಎಂದೆ ಮೆಲ್ಲಗೆ.

"ಕೈ ಬಿಡಾಕ ಆಗವಲ್ದು ಅಣ್ಣಾರ."

"ಕೈ ಬಿಡಬ್ಯಾಡ. ಒಂದು ಕಾಲು ಕೆಳಗಿಡು, ನಾ ನೋಡಕೊಂತ ನಿಂತೀನಿ. ಹೂಂ, ಈಗ ಇನ್ನೊಂದು."

ಹಾಗೆಯೇ ಇಳಿದ. ನೆಲ ಮುಟ್ಟಿದ್ದೇ ಕುಸಿದು ಕೂತ. ಅಂಗಿ ಬೆವರಿನಿಂದ ಮೈಗಂಟಿತ್ತು.

"ಜೋಡಿ ಕೆಲಸ ಮಾಡಾಂವ ಹೋದ ವರ್ಷ ಕಂಬದಿಂದ ಬಿದ್ದನಲ್ರಿ, ಅವತ್ತಿಂದ ಹಿಂಗ ಐತಿ. ಹತ್ತೋದ ತಡ, ಎದಿ ಹೊಡ್ಕೊಂತೈತಿ. ಹೇಳಿದ್ರ ಅಂಜುಬುರುಕ ಅಂತೀರಿ ಅಂತ ನಕ್ಕೊಂತ ಇದ್ದೆ." ಮುಖದ ಬೆವರು ಒರೆಸಿಕೊಂಡು ಕೇಳಿದ, "ಮಿರ್ಚಿ ಎಲ್ಲೈತ್ರಿ?"

ಇಲ್ಲದ ಮಿರ್ಚಿಗೆ ಕ್ಷಮೆ ಕೇಳಿ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕೊಟ್ಟೂರಿನ ಆಸ್ಪತ್ರೆಗೆ ತಂದೆ. ಅವನನ್ನು ಸೇರಿಸಿಕೊಂಡರು, ಮುಂದೆ ಮನಸ್ಸಿನ ಡಾಕ್ಟರಿಗೂ ತೋರಿಸಿದರು. ಸಾಹೇಬರು ಕಂಬದ ಕೆಲಸ ಬಿಡಿಸಿದ್ದಾರೆ. ಅದೆಲ್ಲ ಆಮೇಲಿನದು. ನಾವು ಒಳಗೆ ಕಾಲಿಟ್ಟಾಗ ನರ್ಸ್ ಇಬ್ಬರನ್ನೂ ನೋಡಿ, ನೇರವಾಗಿ ನನ್ನ ರಟ್ಟೆ ಹಿಡಿದು ಮಂಚದ ಮೇಲೆ ಮಲಗಿಸಿದಳು.

"ಪೇಷಂಟ್ ನಾನ್ರಿ ಅಕ್ಕಾರ" ಎಂದ ಬಸವರಾಜ.

"ನೀವು ಸುಮ್ನಿರ್ರಿ. ಇವರು ಹೆಂಗ ನಡುಗಾಕ್ಹತ್ಯಾರ ನೋಡ್ರಿ" ಎಂದಳು. ಅವಳು ಡಾಕ್ಟರನ್ನು ಕರೆತರುವಷ್ಟರಲ್ಲಿ, ಮಂಚದ ಪಕ್ಕ ನಿಂತು ನನಗೆ ನೀರು ಕುಡಿಸುತ್ತಿದ್ದವನು ಅವನೇ, ಒಂದು ಹನಿಯೂ ಚೆಲ್ಲದಂತೆ ಲೋಟ ಹಿಡಿದು.