ರೋಮಿನ ಗೌಡನ ಕೊಲೆ, ನಮ್ಮ ಅಡಿಗಿ ಕಾಕನ ಸೀನು

ಒಳಗಿಂದ ಅಗಳಿ ಹಾಕಿದ ಬಚ್ಚಲು. ನೀರಿನಾಗ ಹೆಣ. ಕೊಂದವ ಹೊರಗ ಹೋಗಿದ್ದನ್ನ ಯಾರೂ ನೋಡಿಲ್ಲ. ಯಾರು ಹೇಳ್ರಿ? ನಿಮ್ಮ ಕೈಲಿ ಆಗಲ್ಲ ಬಿಡ್ರಿ. ನಾನು ಕತಿ ಓದೋಕೆ ಬಾಯಿ ತೆರೆದಲ್ಲೆಲ್ಲ ಇಂಥ ಫಜೀತಿ ಆಗ್ತಾನೇ ಇರುತ್ತೆ.

೧. ಬೆನ್ನಿನ ಎಣ್ಣಿ

ಹತ್ತನೇ ಕ್ಲಾಸು ಫೇಲಾಗಿ ಹರಪನಹಳ್ಳಿಯ ಮನೆಯಲ್ಲಿ ಕೂತಿದ್ದೆ. ನಮ್ಮ ಪಡಸಾಲೆಯಲ್ಲಿ ಅಜ್ಜಿ, ಎದುರುಮನೆ ಅತ್ತಿ, ಪಕ್ಕದಮನೆ ಚಿಗವ್ವ ಮೂವರೂ ಮೊರ ತೊಡೆ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಕತಿ ಓದೋನಿಗೆ ಎಲೆ ಕತ್ತರಿಸೋ ಕೆಲಸ ಮಾಫಿ. ಅದಕ್ಕೇ ರದ್ದಿ ಅಂಗಡಿಯಿಂದ ಒಂದು ಪತ್ತೇದಾರಿ ಕಾದಂಬರಿ ತಂದೆ. ಎರಡು ಸಾವಿರ ವರ್ಷದ ಹಿಂದಿನ ರೋಮಿನ ಕತಿ. ಅಲ್ಲಿನ ಹೆಸರು ನಾಲಿಗೆಗೆ ಹೊರಳಲಿಲ್ಲ. ಸತ್ತ ದೊಡ್ಡಮನುಷ್ಯನಿಗೆ ಗೌಡ ಅಂತ ಹೆಸರಿಟ್ಟೆ.

“ದಿನಾ ಜಳಕದ ಹೊತ್ತಿಗೆ ಗೌಡಗ ಆಳೊಬ್ಬ ಪುಸ್ತಕ ಓದಿ ಹೇಳ್ತಿದ್ದ. ಅವತ್ತು ಬಚ್ಚಲ ಬಾಗಿಲು ಒಳಗಿಂದ ಹಾಕಿತ್ತು. ಪತ್ತೇದಾರ ಒಡೆದು ನೋಡಿದ್ರ ಗೌಡ ಸತ್ತಾನ. ಬೆನ್ನೆಲ್ಲ ಎಣ್ಣಿ.”

ಅಜ್ಜಿ ದಾರ ಸುತ್ತೋದು ನಿಲ್ಲಿಸಿದಳು. “ತನ್ನ ಬೆನ್ನಿಗೆ ತಾನ ಎಣ್ಣಿ ಹಚ್ಚಾಕ ಬರಲ್ಲ. ಒಳಗ ಇನ್ನೊಬ್ಬ ಇದ್ದ.”

ಪತ್ತೇದಾರನಿಗೆ ಇದು ಹೊಳೆಯೋಕೆ ಎಂಬತ್ತು ಪುಟ ಬೇಕಾಯಿತು.

೨. ಮೂರು ಸೀನು

ಚಿಗವ್ವನ ಗಂಡ ಲಗ್ನದ ಅಡಿಗಿ ಮಾಡೋ ಕಾಕ. ಒಗ್ಗರಣೆಗೆ ಮುಂಚೆ ಮೂರು ಸಲ ಸೀನುತ್ತಾನೆ. ತಮಾಷೆಗೆ ಗೌಡನ ಅಡಿಗಿಯವನಿಗೂ ಅದೇ ಸೀನು ಅಂಟಿಸಿ ಓದಿದೆ. ಮರುದಿನ ಓದಿದ ಪುಟದಲ್ಲೇ ವಿಷದ ಎಣ್ಣೆಯ ಕುಡಿಕೆ ಗೌಡನ ಅಡಿಗೆಮನೆಯಲ್ಲಿ ಸಿಕ್ಕಿತು.

ಅತ್ತಿ ಮೊರ ಕೆಳಗಿಟ್ಟಳು. ಶುಕ್ರವಾರ ಅವಳ ಮಗಳ ನಿಶ್ಚಯಕ್ಕೆ ಅಡಿಗಿ ಕಾಕನದೇ. “ಬ್ಯಾಡವ್ವ, ಕೊಟ್ಟೂರಿಂದ ಬೇರೆಯವ್ರನ್ನ ಕರೆಸ್ತೀನಿ.”

“ನಮ್ಮ ಮನಿಯವ್ರು ರೋಮಿಗೆ ಯಾವಾಗ ಹೋಗಿದ್ರು?” ಅಂದಳು ಚಿಗವ್ವ.

“ಅದು ನನಗೇನು ಗೊತ್ತು. ಸೀನು ಅವರದ ಐತಿ.”

ಚಿಗವ್ವನ ಕಣ್ಣು ತುಂಬಿತು. ಆ ತಿಂಗಳು ಕಾಕನಿಗಿದ್ದದ್ದು ಅದೊಂದೇ ಕೆಲಸ. “ನಾಳಿ ಕೊನಿ ಓದ್ತೀನಿ, ಆಮ್ಯಾಲ ತೀರ್ಮಾನ ಮಾಡ್ರಿ” ಅಂದುಬಿಟ್ಟೆ. ಕೊನೆಯ ಹಾಳೆಗಳೇ ಇಲ್ಲ ಅನ್ನೋದು ಪುಸ್ತಕ ತಂದ ದಿನವೇ ನನಗೆ ಗೊತ್ತಿತ್ತು.

೩. ತಿರುವದ ಹಾಳಿ

ಮರುದಿನ ಮೂವರೂ ಬೀಡಿ ಮುಟ್ಟಲಿಲ್ಲ. “ಪತ್ತೇದಾರ ಬೆರಳು ತೋರಿಸಿದ...” ಅಲ್ಲಿಗೆ ಪುಸ್ತಕ ಮುಗಿದಿತ್ತು. ನಾನು ನಿಲ್ಲಿಸದೆ ಬಾಯಿಂದಲೇ ಮುಂದುವರಿಸಿದೆ. “ಅಡಿಗಿಯವ ಅಲ್ಲ ಅಂದ. ಕುಡಿಕಿ ಬೇರೆ ಯಾರೋ ತಂದಿಟ್ಟಾರ ಅಂದ...”

ಅಕ್ಷರ ಬಾರದ ಅಜ್ಜಿ ಕೇಳಿದಳು: “ತಮ್ಮಾ, ಭಾಳ ಹೊತ್ತಾತು. ಹಾಳಿ ತಿರುವಲೇ ಇಲ್ಲ?”

ಗಾಬರಿಯಲ್ಲಿ ತಿರುವಿದೆ, ಹಿಂದಕ್ಕೆ.

“ಈಗ ಹಿಂದಕ್ಕ ಹೊಂಟಿ.”

“ಕೊಂದವ ಮೊದಲ ಪುಟದಾಗ ಅದಾನಜ್ಜಿ,” ಅಂದೆ. ಮೊದಲ ಪುಟದಲ್ಲಿ ಗೌಡನನ್ನ ಬಿಟ್ಟರೆ ಇದ್ದವನು ಒಬ್ಬನೇ. “ಓದಿ ಹೇಳೋ ಆಳು! ಒಳಗಿದ್ದು ವಿಷದ ಎಣ್ಣಿ ಹಚ್ಚಿದ. ಬಾಗಿಲು ಒಡೆದಾಗ ಅದರ ಹಿಂದ ನಿಂತಿದ್ದ. ಮಂದಿ ನುಗ್ಗಿದ ಮ್ಯಾಲ ಅವರ ಜೊತಿ ಅತ್ತ.”

ಆಮೇಲೆ ಅತ್ತಿ ಚಿಗವ್ವನ ಕಡೆ ತಿರುಗಿದಳು. “ಶುಕ್ರವಾರ ಹೋಳಿಗಿಗೆ ಬ್ಯಾಳಿ ಎಷ್ಟು ಬೇಕಂತ ನಿಮ್ಮ ಮನಿಯವ್ರನ್ನ ಕೇಳವ್ವ.”

ಅಜ್ಜಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಅವತ್ತಿನಿಂದ ಅವಳು ಜಳಕಕ್ಕೆ ಹೊರಟರೆ ಮೊದಲು ಕೂಗೋದು ಒಂದೇ: “ಆ ಓದೋನನ್ನ ಹೊರಗ ಕಳಿಸ್ರಿ.”

ನಿಜವಾಗಿ ಕೊಂದವ ಯಾರೋ, ನನಗೂ ಗೊತ್ತಿಲ್ಲ. ಆ ಕೊನೆ ನಾನೇ ಕಟ್ಟಿದ್ದು.