ಡೇರೆ ಮಾರಿದ ಮೋರೆ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂತ ಹಿರಿಯರು ಹೇಳಿ ಹೋದರು. ಪಾಪ, ಅವರ ಕೈಯಲ್ಲಿ ಮೊಬೈಲ್ ಇರಲಿಲ್ಲ. ಇದ್ದಿದ್ದರೆ 'ಮದುವೆ ಮಾಡಿಕೊಂಡು ನೋಡು, ಡೇರೆ ಕಟ್ಟಿ ನೋಡು, ಅದರ ಮುಂದೆ ಕೂತು ರೀಲ್ ಬಿಟ್ಟು ನೋಡು' ಅಂತ ಗಾದೆ ಪೂರ್ತಿ ಮಾಡುತ್ತಿದ್ದರು. ಇದು ಕಟ್ಟುಕತೆಯಲ್ಲ, ಕಟ್ಟಿದ ಡೇರೆಯ ಕತೆ. ಸೇಡಂನಲ್ಲಿ ಯಾರನ್ನು ಬೇಕಾದರೂ ಕೇಳಿ. 'ಹಂಗೇನೂ ಆಗೇ ಇಲ್ಲ' ಅಂತ ಯಾವನಾದರೂ ಜೋರು ಮಾಡಿದರೆ, ಅವನೇ ಒಂದು ಡೇರೆ ಕೊಂಡವನು ಅಂತ ತಿಳಿಯಿರಿ.

ಲಕ್ಷ್ಮಿಕಾಂತನದು ಬಸ್‌ಸ್ಟ್ಯಾಂಡಿನ ಹತ್ತಿರ ಶಾಲೆ ಬ್ಯಾಗು, ಕೊಡೆಗಳ ಅಂಗಡಿ. ಕೊಡೆ ತರಲು ಹೈದರಾಬಾದಿಗೆ ಹೋದವನು ಯಾರದೋ ಮಾತಿಗೆ ಮರುಳಾಗಿ ಸಾಹಸದ ಸಾಮಾನು ತಂದುಬಿಟ್ಟ. ಮಡಚುವ ಡೇರೆಗಳು, ಹೊತ್ತವನಿಗಿಂತ ದೊಡ್ಡ ಬೆನ್ನುಚೀಲಗಳು, ಹಣೆಗೆ ಕಟ್ಟಿಕೊಳ್ಳುವ ಬ್ಯಾಟರಿಗಳು. ಬೇಸಿಗೆ ಬಂದರೆ ಊರಿಗೆ ಊರೇ ಮಾಳಿಗೆಯ ಮೇಲೆ ಮಲಗುವ ಸೀಮೆ ಇದು. ಇಲ್ಲಿ ಹೊರಗೆ ಮಲಗುವ ಸಾಮಾನು ಮಾರುವುದೆಂದರೆ ಕಲ್ಲಿನ ಗಣಿಯ ಶಹಾಬಾದಿಗೆ ಫರಸಿ ಕಲ್ಲು ಹೊತ್ತುಕೊಂಡು ಹೋದಂತೆ, ಸಿಮೆಂಟು ಕಾರ್ಖಾನೆಯ ವಾಡಿಯಲ್ಲಿ ಸಿಮೆಂಟು ಪೊಟ್ಟಣ ಕಟ್ಟಿ ಕೂತಂತೆ. ಬಂದವನು ಒಬ್ಬನೇ ಗಿರಾಕಿ. ತೊಗರಿ ರಾಶಿಗೆ ಮುಚ್ಚಲು ಆಗುತ್ತದೇನು ಅಂತ ಕೇಳಿದವನು, ಡೇರೆಗೆ ಕಿಟಕಿ ಇದ್ದದ್ದು ನೋಡಿ, 'ತೊಗರಿಗೆ ಗಾಳಿ ಬೇಕಂತೇನು?' ಅಂತ ನಕ್ಕು ಹೋದ.

ಅಂಗಡಿಯಲ್ಲಿ ಹಿಡಿಯದ ಮಾಲು ಮನೆಗೆ ಬಂತು, ಮನೆಯಿಂದ ಮಂಚಕ್ಕೆ ಏರಿತು. ಹೆಂಡತಿ ಭುವನೇಶ್ವರಿ ಬಿ.ಎ. ಓದಿದವಳು. ಮಾತು ಕಮ್ಮಿ, ತೂಕ ಜಾಸ್ತಿ.

"ನಾಳಿ ನಮ್ಮವ್ವ ಬರ್ತಾಳ. ಈ ಮಂಚದ ಮ್ಯಾಲ ಆಕಿ ಮಲಗಬೇಕೋ, ನಿಮ್ಮ ಡೇರೆ ಮಲಗಬೇಕೋ?" ಅಂತ ಅವಳು ಬೆಳಗಿನ ಚಹಾದ ಜೊತೆಗೇ ಕೇಳಿದಳು. "ಸಂಜೀ ಅನ್ನೋದ್ರಾಗ ಎಲ್ಲಾ ಹೊರಗ ಹೋಗಬೇಕು. ಇಲ್ಲಂದ್ರ ಹಳೀ ಸಾಮಾನಿನವನ ಗಾಡಿಗೆ ಹಾಕ್ತೀನಿ."

ಅವಳು ಹಾಕುತ್ತೇನೆ ಅಂದರೆ ಹಾಕುತ್ತಾಳೆ. ಲಕ್ಷ್ಮಿಕಾಂತ ಚಹಾ ಅರ್ಧಕ್ಕೇ ಬಿಟ್ಟು ಮನೆ ಎದುರಿನ ಮೊಬೈಲ್ ರಿಪೇರಿ ಅಂಗಡಿಯ ತಾಹಿರ್‌ನನ್ನು ಎಬ್ಬಿಸಿದ. ಇಬ್ಬರೂ ಒಂದು ಡೇರೆ ಹಿಡಿದುಕೊಂಡು ಬೈಕಿನಲ್ಲಿ ಕಾಗಿಣಾ ನದಿಯ ದಂಡೆಗೆ ಹೋದರು.

ಡೇರೆ ನಿಂತಿತು. ಅದರ ಮುಂದೆ ಲಕ್ಷ್ಮಿಕಾಂತ ಮೊಣಕಾಲು ಮಡಚಿ, ಗದ್ದಕ್ಕೆ ಕೈ ಕೊಟ್ಟು, ನದಿಯಾಚೆ ಎಲ್ಲೋ ನೋಡುತ್ತ ಕೂತ. ತಾಹಿರ್ ಊರಿಗೇ ಹೆಸರಾದ ಮಿಮಿಕ್ರಿಗಾರ. ಮೂಗು ಹಿಡಿದು ವಾಡಿ ಜಂಕ್ಷನ್ನಿನ ರೈಲು ಘೋಷಣೆಯ ದನಿ ತೆಗೆದ: "ಪ್ರಯಾಣಿಕರು ದಯವಿಟ್ಟು ಗಮನಿಸಿ. ಲಕ್ಷ್ಮಿಕಾಂತ ಭಾಯ್ ಅವರ ಮುಖಕ್ಕೆ ಬರಬೇಕಾಗಿದ್ದ ನಗು ಅನಿರ್ದಿಷ್ಟ ಕಾಲ ತಡವಾಗಿ ಬರಲಿದೆ..."

"ಸುಮ್ಕಿರೋ. ದೊಡ್ಡ ದೊಡ್ಡ ಕಂಪನಿ ಜಾಹೀರಾತಿನಾಗ ಯಾರೂ ನಗಂಗಿಲ್ಲ. ಹಿಂಗೇ ದೂರ ನೋಡ್ತಾರ."

"ಅವ್ರು ನಾಷ್ಟಾ ಮಾಡಿ ನೋಡ್ತಾರ ಭಾಯ್. ನೀ ಉಪಾಸ ನೋಡಾಕತ್ತೀದಿ."

ಹಿಂದೆ ಕೊಳಲಿನ ದನಿ ಹಾಕಿದರು. ಕೆಳಗೆ ಲಕ್ಷ್ಮಿಕಾಂತ ತಾನೇ ಬರೆದ: 'ನಾಲ್ಕು ಗೋಡೆ ಬಿಟ್ಟು ಬಂದೆ. ಇನ್ನು ಆಕಾಶವೇ ನನ್ನ ಸೂರು.' ಓದಿ ತನಗೇ ಮೈ ಝುಂ ಅಂತು. ಇನ್‌ಸ್ಟಾಗ್ರಾಮಿಗೆ ಬಿಟ್ಟ. ಬೈಕು ಊರು ಮುಟ್ಟುವ ಮೊದಲೇ 'ಬಿಸಿಲನಾಡ ಹುಲಿ' ಎಂಬ ಹೆಸರಿನಿಂದ ಮೊದಲ ಕಾಮೆಂಟು ಬಂದು ಬಿದ್ದಿತ್ತು:

'ಅಯ್ಯೋ ಅಣ್ಣಾ! ಅತ್ತಿಗಿ ನಿನ್ನ ಮನಿಯಿಂದ ಹೊರಗ ಹಾಕಿದ್ರಾ? ಧೈರ್ಯ ತಗೋ. ನಾವೆಲ್ಲಾ ಇದ್ದೀವಿ.'

ಕುರಿ ಹಿಂಡಿನಲ್ಲಿ ಮೊದಲನೆಯದು ಕಾಲುವೆ ಜಿಗಿಯುವುದೇ ತಡ. ಅದರ ಕೆಳಗೆ 'ಧೈರ್ಯ ತಗೋ', 'ದೇವರಿದ್ದಾನೆ', 'ಇಂದು ನೀನು, ನಾಳೆ ನಾನು' ಅಂತ ಸಾಲು ಹಚ್ಚಿ ಕೈಮುಗಿದ ಚಿತ್ರಗಳು ಬಿದ್ದವು. ಡೇರೆಯ ಬೆಲೆ ಕೇಳಿದವನು ಒಬ್ಬನೂ ಇಲ್ಲ.

"ತಾಹಿರ್, ಈ ಹುಲಿ ನೀನೇ ಹೌದಲ್ಲೋ?"

"ಅಮ್ಮೀ ಕಸಂ ಭಾಯ್, ನಾನಲ್ಲ," ಅಂದ ತಾಹಿರ್, ಹೊಟ್ಟೆ ಹಿಡಿದುಕೊಂಡು. ಅಳುವವನ ಆಣೆಯನ್ನು ನಂಬಬಹುದು. ನಗುವವನ ಆಣೆಯನ್ನು ಯಾರು ನಂಬಬೇಕು?

ಅಂಗಡಿಯ ಬಾಗಿಲಲ್ಲಿ ಓಣಿಯ ಹಮೀದಾಬಿ ಬುತ್ತಿ ಹಿಡಿದು ನಿಂತಿದ್ದರು. "ತಿನ್ನು ಬೇಟಾ. ಫೋಟೊದಾಗ ಮಾರಿ ಹ್ಯಾಂಗ ಸೊರಗ್ಯಾದ ನೋಡು. ಎಷ್ಟು ದಿನ ಆತು ಉಂಡು?"

"ರಾತ್ರಿ ಉಂಡೀನ್ರಿ. ಅದು ಜಾಹೀರಾತು ಅಮ್ಮೀಜಾನ್!"

"ಹೌದಪ್ಪಾ. ನಮ್ಮ ಕಾಲದಾಗ ಗಂಡ ಹೆಂಡ್ತಿ ಜಗಳ ಮನ್ಯಾಗಿರ್ತಿತ್ತು. ಈಗ ಜಾಹೀರಾತು ಕೊಡ್ತಾರ." ಅವರು ಬುತ್ತಿ ಬಿಚ್ಚಿ, ಅವನು ತಿನ್ನುವ ತನಕ ಅಲ್ಲಾಡಲಿಲ್ಲ. ಹಸಿದಿದ್ದ ಲಕ್ಷ್ಮಿಕಾಂತ ಗಬಗಬ ತಿಂದ. ಅದನ್ನು ನೋಡಿ ಅವರ ಅನುಮಾನ ಖಾತ್ರಿಯಾಯಿತು.

ಭುವನೇಶ್ವರಿಗೆ ಗೊತ್ತಾದರೆ ಗತಿ ಏನು ಅಂತ ಅವನು ರೀಲ್ ಅಳಿಸಲು ಮೊಬೈಲ್ ತೆಗೆದ. ಅಷ್ಟರಲ್ಲಿ ಓಣಿಯ ಪಂಚ ಕಾಶಪ್ಪ ಬಂದ. ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದೂ ಗೊತ್ತಿರುವ ಮನುಷ್ಯ. ಮಂದಿಯ ಮುಂದೆ ಗಟ್ಟಿಯಾಗಿ, "ಗಂಡಸಾದವ ಹಿಂಗ ನದಿ ದಂಡಿಗೆ ಹೋಗಿ ಕುಂದ್ರಬಾರ್ದಪಾ, ಸಂಸಾರ ಅಂದ್ರ ತಾಳ್ಮಿ," ಅಂತ ಬುದ್ಧಿ ಹೇಳಿದ. ಮಂದಿ ಚದುರಿದ ಮೇಲೆ ಕೊಡೆಗಳ ಮರೆಗೆ ಕರೆದು ದನಿ ಇಳಿಸಿದ.

"ಅದರ ಜಿಪ್ಪು ಒಳಗಿಂದ ಹಾಕ್ಕೊಳ್ಳಾಕ ಬರ್ತದೇನು?"

"ಬರ್ತದ ಕಾಕಾ."

"ಹೊರಗಿಂದ ತೆಗೀಲಿಕ್ಕ?"

"ಒಳಗಿಂದ ಹಿಡ್ಕೊಂಡು ಕುಂತ್ರ ಬರಂಗಿಲ್ಲ."

"ಹೊರಗ ನಿಂತು ಬೈದ್ರ ಕೇಳಸ್ತದೇನು?"

"ಬಟ್ಟಿ ಅದ ಕಾಕಾ. ಕೇಳಸ್ತದ."

ಕಾಶಪ್ಪ ನಿಟ್ಟುಸಿರುಬಿಟ್ಟ. "ಅದೊಂದು ಐಬು ನೋಡು. ಇರಲಿ, ಒಂದು ಕೊಡು. ಪ್ಯಾಕೆಟಿನ ಮ್ಯಾಲ ಛತ್ರಿ ಅಂತ ಬರಿ."

ಲಕ್ಷ್ಮಿಕಾಂತ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ರೀಲ್ ಅಳಿಯಲಿಲ್ಲ.

ಆಮೇಲೆ ನೋಡಿ, ಬಂತು ಗಂಡಂದಿರ ದಿಂಡಿಯಾತ್ರೆ. ಒಬ್ಬೊಬ್ಬನೂ ಮೊದಲು ಸಂತಾಪ ಹೇಳುತ್ತಿದ್ದ, ಆಮೇಲೆ ಅತ್ತಿತ್ತ ನೋಡುತ್ತಿದ್ದ, ಕೊನೆಗೆ 'ನಮ್ಮ ದೋಸ್ತಗ ಬೇಕಾಗ್ಯಾದ' ಅನ್ನುತ್ತಿದ್ದ. ಇಡೀ ಸೇಡಂನಲ್ಲಿ ಒಬ್ಬನೇ ದೋಸ್ತ ಇದ್ದಾನೇನೋ ಅನ್ನಿಸುವಂತೆ ಎಲ್ಲರೂ ಅವನಿಗೇ ಒಯ್ದರು. ಬ್ಯಾಂಕಿನ ಸುರೇಶಕುಮಾರ ಹಣೆಬ್ಯಾಟರಿ ಹಚ್ಚಿ ನೋಡಿ, "ಕತ್ತಲದಾಗ ಅಡಗಿ ಮನ್ಯಾಗ ರೊಟ್ಟಿ ಹುಡುಕಾಕ ಛಲೋ ಅದ," ಅಂದ. ಬೆನ್ನುಚೀಲದಲ್ಲಿ ಎರಡು ಜೊತೆ ಬಟ್ಟೆ, ಹಾಸಿಗೆ, ಚೊಂಬು ಎಲ್ಲ ಹಿಡಿಯುತ್ತದೆ ಎಂದು ಗೊತ್ತಾದ ಮೇಲಂತೂ ಮೇಷ್ಟರೊಬ್ಬರು ಅದನ್ನು ಬೆನ್ನಿಗೆ ಹಾಕಿಕೊಂಡೇ ನಿಂತರು. ಬಿಚ್ಚಲು ಒಪ್ಪಲೇ ಇಲ್ಲ. ಚಿತ್ತಾಪುರದ ಬಸ್ಸಿನಿಂದ ಇಳಿದವನೊಬ್ಬ ರೀಲ್ ತೋರಿಸಿ, "ಇದೇ ಅಂಗಡಿ ಏನ್ರೀ, ಹೊರಗ ಹಾಕಿಸಿಕೊಂಡವರದು?" ಅಂತ ಕೇಳಿದ.

ಲಕ್ಷ್ಮಿಕಾಂತ ಈಗ 'ಅಲ್ಲ' ಅನ್ನುವುದನ್ನು ಬಿಟ್ಟಿದ್ದ. ಗಿರಾಕಿ ಬಂದ ಕೂಡಲೇ ಗದ್ದಕ್ಕೆ ಕೈ ತಾನೇ ಹೋಗುತ್ತಿತ್ತು.

ಮಧ್ಯಾಹ್ನ ಚಿಂಚೋಳಿಯಿಂದ ಮಾವ ನರಸಪ್ಪನವರ ಫೋನು ಬಂತು. ಲಕ್ಷ್ಮಿಕಾಂತ ಎದ್ದು ನಿಂತು ಎತ್ತಿದ.

"ಅಳಿಯಂದ್ರ, ನೋಡಿದೆ," ಅಂದರು ಮಾವ.

"ಮಾವಾರ, ಖರೇ ಹೇಳ್ತೀನಿ, ನಿಮ್ಮ ಮಗಳು ಭಾಳ ಒಳ್ಳೇಕಿ..."

"ಗೊತ್ತದ ನನಗ. ಆಕಿ ಅವ್ವನ್ನ ಕಟ್ಕೊಂಡಾಂವ ನಾನು." ಯಾರೋ ಹೋಗುವುದನ್ನು ಕಾದು, ಪಿಸುಗುಟ್ಟಿದರು. "ಒಂದು ಡೇರೆ ಚಿಂಚೋಳಿ ಬಸ್ಸಿಗೆ ಹಾಕಿ ಕಳಸ್ರಿ. ನಾಳಿ ನಿಮ್ಮತ್ತಿ ಸೇಡಂಗ ಬರ್ತಾಳ. ತಿರುಗಿ ಬರೋದ್ರಾಗ ಹೊಲದಾಗ ಕಟ್ಟಿ ರೂಢಿ ಮಾಡ್ಕೋತೀನಿ."

ಕೊನೆಗೆ ಉಳಿದದ್ದು ಕಾಗಿಣಾ ದಂಡೆಯಲ್ಲಿ ಕಟ್ಟಿ, ಮಡಚಿ ತಂದಿದ್ದ ಡೇರೆ ಒಂದೇ. ಅದೂ ಚಿಂಚೋಳಿ ಬಸ್ಸು ಹತ್ತಿತು.

ಇಷ್ಟೆಲ್ಲ ಆದರೂ ಭುವನೇಶ್ವರಿಯ ಫೋನು ಒಂದೂ ಇಲ್ಲ. ತಾಹಿರ್ ಮನೆಯಿಂದ ಮಾಲು ತರಲು ಹೋದಾಗಲೆಲ್ಲ ಅವಳು ಮಾತಿಲ್ಲದೆ ಎತ್ತಿ ಕೊಟ್ಟಳಂತೆ. ಹೆಂಡತಿ ಕೂಗಾಡಿದರೆ ಗುಡುಗು, ಸುಮ್ಮನಿದ್ದರೆ ಸಿಡಿಲು. ಸಂಜೆ ಲಕ್ಷ್ಮಿಕಾಂತ ಚಪ್ಪಲಿ ಕೈಯಲ್ಲಿ ಹಿಡಿದು ಮನೆಯೊಳಕ್ಕೆ ಕಾಲಿಟ್ಟ.

ಮಂಚ ಖಾಲಿ. ಮೇಲೆ ಒಗೆದ ಚಾದರ. ಪಕ್ಕದಲ್ಲಿ ಚುರುಮುರಿಯ ಸುಸಲಾ, ಚಹಾ. ಒಂದು ಹಿಡಿ ಬಾಯಿಗೆ ಹಾಕಿಕೊಂಡ.

"ಎಲ್ಲಾ ಹೋದ್ವೇನ್ರೀ?"

"ಹೋದ್ವು. ಆದ್ರ ನಿನ್ನ ಹೆಸರು ಕೆಡ್ತು, ಭುವನಾ. ಆ ಬಿಸಿಲನಾಡ ಹುಲಿ ಯಾವನಂತ ಗೊತ್ತಾಗ್ಲಿ, ಅವನ ಬಾಲಾ ಕಿತ್ತ..."

"ಯಾವನಲ್ಲ," ಅಂದಳು ಭುವನೇಶ್ವರಿ, ತನ್ನ ಮೊಬೈಲ್ ಅವನ ಮುಂದೆ ಹಿಡಿದು. "ಯಾವಾಕಿ ಅನ್ರಿ."

ಲಕ್ಷ್ಮಿಕಾಂತನ ಬಾಯಲ್ಲಿದ್ದ ಸುಸಲಾ ಅಲ್ಲೇ ನಿಂತಿತು.

"ಈ ಊರಾಗ ಗುಡ್ಡಾ ಹತ್ತಾಕ ಯಾರು ಡೇರೆ ತಗೋತಾರ?" ಅಂದಳು ಅವಳು. "ದಿನಾ ಸಂಜಿಗೆ ಕಿಟಕ್ಯಾಗಿಂದ ನೋಡ್ತೀನಿ. ಕಾಶಪ್ಪ ಕಾಕಾ, ಬ್ಯಾಂಕಿನವ್ರು, ಮಾಸ್ತರು, ಎಲ್ಲಾರೂ ಮನಿ ಒಳಗ ಹೋಗಲಾರದೆ ಕಟ್ಟಿ ಮ್ಯಾಲ ಗದ್ದಕ್ಕ ಕೈ ಹಚ್ಚಿ ಕುಂತಿರ್ತಾರ. ಮುಂಜಾನಿ ನಿಮ್ಮ ರೀಲ್ ನೋಡಿದೆ. ಅದೇ ಮಾರಿ! ಗಿರಾಕಿ ಯಾರಂತ ಆವಾಗೇ ತಿಳೀತು."

ಅವಳನ್ನು ಬೈಯಬೇಕೋ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಬೇಕೋ ತಿಳಿಯದೆ ಲಕ್ಷ್ಮಿಕಾಂತ ಅಂಗಿ ಕಳಚಿ, ದಣಿದ ಮೈಯನ್ನು ಮಂಚಕ್ಕೆ ಚೆಲ್ಲಲು ಹೋದ.

"ಎಲ್ಲಿಗ್ರೀ?"

"ಜರಾ ಅಡ್ಡಾಗ್ತೀನಿ."

"ಮನ್ಯಾಗ?" ಭುವನೇಶ್ವರಿ ಹುಬ್ಬೇರಿಸಿದಳು. "ಹೊರಗ ಹಾಕಿಸ್ಕೊಂಡಾಂವ ಆರಾಮ ಮಂಚದ ಮ್ಯಾಲ ಮಲಗಿದ್ದು ಕಾಶಪ್ಪ ಕಾಕಾನ ಕಣ್ಣಿಗೆ ಬಿದ್ರ? ಮೋಸ ಮಾಡಿದ ಅಂತ ಒಬ್ಬೊಬ್ಬರೇ ಡೇರೆ ತಿರುಗಿ ತಂದು ಇದೇ ಮಂಚದ ಮ್ಯಾಲ ಒಗೀತಾರ. ನಾಳಿ ನಮ್ಮವ್ವ ಎಲ್ಲಿ ಮಲಗಬೇಕು?"

ಲಕ್ಷ್ಮಿಕಾಂತ ಮಂಚದಿಂದ ಹಿಂದೆ ಸರಿದ.

"ಎಷ್ಟು ದಿನ?"

"ಅವ್ವ ಹೋಗೋತನಕ. ಆಮ್ಯಾಲ ಹೊಸಾ ಮಾಲು ಬಂದಿರ್ತದ. ಹೈದರಾಬಾದಿಗೆ ಹೇಳೀನಿ." ಅಂಗಿಯನ್ನೂ ತಲೆದಿಂಬನ್ನೂ ಅವನ ಕೈಗಿಟ್ಟು, ಬೆನ್ನಿಗೆ ಮೆತ್ತಗೆ ಕೈಹಚ್ಚಿ ಹೊಸ್ತಿಲು ದಾಟಿಸಿದಳು. ಬಾಗಿಲು ಮುಚ್ಚಿತು. ಒಳಗೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುವುದು ಓಣಿಗೆಲ್ಲ ಕೇಳದಿದ್ದರೂ ಅವನಿಗೆ ಕೇಳಿತು.

ದಿಂಬು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತ. ಎದುರಿನಿಂದ ಕಾಶಪ್ಪ, 'ಛತ್ರಿ' ಅಂತ ಬರೆದ ಪ್ಯಾಕೆಟ್ಟನ್ನು ಕಂಕುಳಲ್ಲಿ ಅವುಚಿಕೊಂಡು, ಕಳ್ಳ ಹೆಜ್ಜೆಯಲ್ಲಿ ತನ್ನ ಮಾಳಿಗೆಯ ಕಡೆ ಹೊರಟಿದ್ದ. ಇವನನ್ನು ನೋಡಿ ನಿಂತ. ಮುಖದಲ್ಲಿ ಕರುಣೆ ಉಕ್ಕಿತು.

"ಖರೇ ಹೊರಗ ಹಾಕ್ಯಾಳಲ್ಲೋ! ಮುಂಜಾನಿ ಹಮೀದಾಬಿ ಮುಂದ ಜಾಹೀರಾತು ಅಂದಿದ್ದಿ... ಎಪ್ಪಾ, ಊರಿಗೆಲ್ಲಾ ಡೇರೆ ಮಾರಿದಿ, ನಿನಗೊಂದು ಇಟ್ಕೊಳ್ಳಲಿಲ್ಲ?"

ಲಕ್ಷ್ಮಿಕಾಂತ ಹೌದು ಅನ್ನಲು ಬಾಯಿ ತೆರೆದ. ನಗು ಬಂದುಬಿಟ್ಟಿತು. ತಡೆದ. ತಡೆದಷ್ಟೂ ಮೂಗಿನಿಂದ ಬಂತು. ಎದುರಂಗಡಿಯಲ್ಲಿ ತಾಹಿರ್ ನಗಲು ಶುರುಮಾಡಿದ, ಬಾಗಿಲ ಹಿಂದೆ ಭುವನೇಶ್ವರಿ ನಗುತ್ತಿದ್ದಳು. ಇಬ್ಬರ ನಗುವನ್ನೂ ಮುಳುಗಿಸಿ ಲಕ್ಷ್ಮಿಕಾಂತ ಕಟ್ಟೆ ಗುದ್ದಿ ಗುದ್ದಿ ನಕ್ಕ.

ಕಾಶಪ್ಪನ ಕಣ್ಣು ತುಂಬಿ ಬಂತು. "ಹೋತು, ತಲಿ ಪೂರಾ ಹೋತು," ಅಂತ ಅವನ ನೆತ್ತಿ ತಟ್ಟುತ್ತ ಬಾಗಿಲ ಕಡೆ ಕೂಗಿದ: "ಯವ್ವಾ ಭುವನೇಶ್ವರಿ! ಸಿಟ್ಟು ಏನೇ ಇರಲಿ, ಗಂಡಗ ಒಂದು ಚೊಂಬು ನೀರರೆ ಕೊಡವಾ!"

ಬಾಗಿಲು ಗೇಣಷ್ಟು ತೆರೆಯಿತು. ಬಳೆಯ ಕೈಯೊಂದು ಹೊರಬಂದು ಚೊಂಬು ಇಟ್ಟು ಒಳಗೆ ಹೋಯಿತು. ಚಿಲಕ ಬಿತ್ತು. ಚಿಲಕ ಬಿದ್ದ ಸಪ್ಪಳಕ್ಕೆ ಲಕ್ಷ್ಮಿಕಾಂತ ನಗುತ್ತ ನಗುತ್ತ ಕಟ್ಟೆಯ ಮೇಲಿಂದ ಉರುಳಿ ಕೆಳಗೆ ಬಿದ್ದ.